ಪಾಸಾದ ಕಂಪ್ಯೂಟರ್

ಹೊಸ ವಿಂಡೋಸ್ ಹಾಕುವ ಮೊದಲು ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಪರೀಕ್ಷಿಸುತ್ತಿದ್ದರು. ಫೇಲಾದದ್ದು ಗುಜರಿಗೆ. ಪಕ್ಕದ ಟೇಬಲಿನದು ಆಗಲೇ ವೈರು ಕೀಳಿಸಿಕೊಂಡು ಮೂಲೆ ಸೇರಿತ್ತು. ಅದರ ಮುಂದೆ ಕೂರುತ್ತಿದ್ದವರನ್ನು ಮ್ಯಾನೇಜರ್ ಒಳಗೆ ಕರೆಸಿಕೊಂಡಿದ್ದರು. ಅವರಿನ್ನೂ ಹೊರಬಂದಿರಲಿಲ್ಲ.

ವಾರಿಜಾಳ ಸರದಿ ಬಂತು. ಟೆಕ್ನಿಷಿಯನ್ ಪೆನ್‌ಡ್ರೈವ್ ಸಿಕ್ಕಿಸಿದ. ಪರದೆಯ ಮೇಲೆ ಹಸಿರು ಗೆರೆ ತೆವಳತೊಡಗಿತು.

“ಪಾಸಾಗುತ್ತೇನಪ್ಪಾ?”

“ನೋಡೋಣ ಮೇಡಂ. ಫೈಲೆಲ್ಲ ಬ್ಯಾಕಪ್ ಮಾಡಿದೀರಾ?”

“ಮಾಡಿದೀನಿ. ಎಲ್ಲಿ ಏನಿದೆ ಅಂತ ದೀಕ್ಷಾಗೂ ತೋರಿಸಿದೀನಿ. ಹೊಸ ಹುಡುಗಿ, ಸ್ವಲ್ಪ ಕೆಲಸ ಕಲಿಸಿ ಅಂದಿದ್ರು ಮ್ಯಾನೇಜರು.”

ಅವನು ತಲೆಯೆತ್ತಲಿಲ್ಲ. ಗೆರೆ ಕೊನೆ ಮುಟ್ಟಿತು.

“ಪಾಸ್. ಈ ಮಷೀನು ಎಲ್ಲೂ ಹೋಗಲ್ಲ.”

“ಅಬ್ಬಾ, ಬದುಕಿಕೊಂಡೆ!” ಎಂದು ವಾರಿಜಾ ನಕ್ಕಳು. ಅವನು ನಗಲಿಲ್ಲ.

“ಸಿಪಿಯು ಮೇಲೆ ಕುಂಕುಮ ಇದೆಯಲ್ಲ ಮೇಡಂ, ಒರೆಸಲಾ? ಹೆಸರಿನ ಸ್ಟಿಕ್ಕರ್ ಅಂಟಿಸಬೇಕು.”

“ಆಯುಧಪೂಜೇಲಿ ನಾನೇ ಇಟ್ಟಿದ್ದು. ತಡಿ, ನಾನೇ ಒರೆಸ್ತೀನಿ.”

ಸೆರಗಿನ ತುದಿಯಿಂದ ಕುಂಕುಮ ಒರೆಸಿ, ಅವಳು ಪಕ್ಕಕ್ಕೆ ಸರಿದು ನಿಂತಳು.

ಅವನು ಅಂಟಿಸಿದ ಸ್ಟಿಕ್ಕರಿನಲ್ಲಿ ದೀಕ್ಷಾಳ ಹೆಸರಿತ್ತು.