ಗಟ್ಟಿ ಬೆರಳು

ಎಲುಬಿಗೆ ಎಲುಬನ್ನು ಹಿಡಿದಿಟ್ಟ ಅಂಟನ್ನು ಕಿಣ್ವವೊಂದು ಕರಗಿಸಿಬಿಡುವ ರೋಗ ಹಬ್ಬಿದ ಮೇಲೆ, ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದನ್ನು ಬಿಟ್ಟು ಬೆರಳು ಎಳೆದು ನೋಡುತ್ತಿದ್ದರು. ಇಂದುಮತಿಯ ಬೆರಳುಗಳನ್ನು ಗಂಡಿನ ತಾಯಿ ಒಂದೊಂದಾಗಿ ಜಗ್ಗಿದರು.

“ಗಟ್ಟಿಯಾಗಿದ್ದಾಳೆ. ನಮಗೆ ಒಪ್ಪಿಗೆ.”

ಗಂಡು ಮಾತ್ರ ಕೈಗವಸು ಕಳಚಿರಲಿಲ್ಲ. ಇಂದುಮತಿ ಮೆಲ್ಲಗೆ ಕೇಳಿದಳು: “ಅವರ ಬೆರಳನ್ನೂ ಒಂದ್ಸಲ ನೋಡಬಹುದಾ?”

“ಗಂಡಿನ ಬೆರಳು ಯಾರಾದ್ರೂ ಎಳೀತಾರೇನೇ, ಮಾನಗೆಟ್ಟವಳೇ!” ಅಪ್ಪ ಗದರಿದರು. “ಹೋಗಿ ಕಾಫಿ ತಂದುಕೊಡು.”

ಅವನು ಕಾಫಿ ಕುಡಿದು ಲೋಟ ಹಿಂದಿರುಗಿಸಿದ. ಲೋಟದ ಜೊತೆ ಬಲಗೈಯ ಗವಸೂ ಅವಳ ಕೈಗೆ ಬಂತು. ಅದರೊಳಗೆ ಎರಡು ಬೆರಳು ಇನ್ನೂ ಬೆಚ್ಚಗಿದ್ದವು.

ಎಲ್ಲರೂ ತಲೆಯೆತ್ತಿ ಫ್ಯಾನ್ ನೋಡತೊಡಗಿದರು.

“ಕೈ ಹಿಡಿಯೋಕೆ ಎಡಗೈ ಇದೆಯಲ್ಲ,” ಎಂದರು ಅಪ್ಪ. “ಮುಹೂರ್ತ ಯಾವತ್ತು ಇಟ್ಕೊಳ್ಳೋಣ?”