ತಿಳಿನೀರು

ಸಂಡೂರಿನಲ್ಲಿ ಸತ್ತವರ ದನಿಯನ್ನು ಕೆಂಪು ಅದಿರಿನ ಪುಡಿಯಲ್ಲಿ ಹಿಡಿದು, ನೀರು ತುಂಬಿದ ಗಾಜಿನ ಜಾಡಿಯಲ್ಲಿ ಇಡುತ್ತಾರೆ. ಪುಡಿ ತೇಲುತ್ತಿರುವಷ್ಟು ಕಾಲ ಅವರು ಮಾತಾಡುತ್ತಾರೆ. ಕಣಗಳು ಒಂದಕ್ಕೊಂದು ಅಂಟದಂತೆ ಅವುಗಳ ಮೈಗೆ ಸವರಿಕೊಳ್ಳಲು ವಾರಕ್ಕೊಂದು ಹನಿ ಸೋಪಿನ ನೀರು ಸಾಕು.

ಮಗಳ ಮದುವೆಯ ಬೆಳಿಗ್ಗೆ ಜಾಡಿಯಲ್ಲಿದ್ದ ನೀಲವ್ವನ ದನಿ ಸಣ್ಣಗಾಗಿತ್ತು. ಅವಳು ಹರಸುವುದು ಹಂದರದವರೆಗೂ ಕೇಳಲಿ ಎಂದು ಗಂಡ ಫಕ್ಕೀರಪ್ಪ ಜಾಡಿಯ ಮುಚ್ಚಳ ತೆಗೆದು ಬಾಟಲಿಯಿಂದ ಸೋಪಿನ ನೀರಿನ ಹನಿ ಹಾಕತೊಡಗಿದ.

"ಸಾಕ್ರೀ," ಎಂದಳು ನೀಲವ್ವ.

ಬದುಕಿದ್ದಾಗ ಅವನ ಚಹಾದ ಸಕ್ಕರೆಗೂ ಅವಳು ಹಾಗೇ ಅನ್ನುತ್ತಿದ್ದಳು. ಅವನು ಇನ್ನೊಂದು ಚಮಚ ಹಾಕಿಕೊಳ್ಳುತ್ತಿದ್ದ.

"ಸುಮ್ನಿರು. ಮಗಳಿಗೆ ಹರಸೋ ದಿನಾನೂ ಪಿಸಿಪಿಸಿ ಅಂತೀಯೇನು?" ಎಂದು ನಗುತ್ತ ಬಾಟಲಿಯನ್ನು ಇನ್ನಷ್ಟು ಬಗ್ಗಿಸಿದ.

"ಅಯ್ಯ, ಸಾಕಂದ್ನೆಲ್ರೀ..."

ಅಂಟದಂತೆ ಕಾಯುತ್ತಿದ್ದ ಸೋಪೇ ಅತಿಯಾಗಿ, ಕಣಗಳು ಮುದ್ದೆಮುದ್ದೆಯಾಗಿ ಅಂಟಿಕೊಂಡು ತಳಕ್ಕಿಳಿದವು. ಗಾಬರಿಯಿಂದ ಜಾಡಿ ಅಲುಗಾಡಿಸಿದ. ಮುದ್ದೆಗಳು ಎದ್ದು, ಮತ್ತೆ ಕೂತವು. ಮೇಲೆ ನೀರು ತಿಳಿಯಾಗಿ ನಿಂತಿತು. ಅಂಥ ನೀರನ್ನು ಆ ಊರಿನಲ್ಲಿ ಯಾರೂ ನೋಡಬಯಸುವುದಿಲ್ಲ.

ಬಾಸಿಂಗ ಕಟ್ಟಿಕೊಂಡೇ ಒಳಗೆ ಬಂದ ಮಗಳು ಜಾಡಿಯನ್ನು ನೋಡಿದಳು, ಅಪ್ಪನ ಕೈಯಲ್ಲಿದ್ದ ಬಾಟಲಿಯನ್ನೂ ನೋಡಿದಳು.

"ಎಷ್ಟ್ ಹಾಕಿದಿ ಅಪ್ಪಾ? ಅವ್ವ ಸಾಕು ಅನ್ಲಿಲ್ಲೇನು?"

"ಅಂದ್ಲವ್ವಾ," ಎಂದ ಫಕ್ಕೀರಪ್ಪ. "ಎರಡ್ ಸಲ ಅಂದ್ಲು."