ಸಣ್ಣ ಪೆಟ್ಟಿಗೆ

ಆಯುಧಪೂಜೆಯ ಕುಂಕುಮ ಹಚ್ಚಿಕೊಂಡು ಕೂತಿದ್ದ ಕಂಪ್ಯೂಟರು ಮೂರನೇ ಸಲವೂ ಏಳಲಿಲ್ಲ. ಹಸಿರು ಅಕ್ಷರಗಳು ಸರಸರ ಬಂದವು, ಇನಿಟ್ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದವು, ಅಲ್ಲಿಗೇ ನಿಂತವು. ಇನಿಟ್ ಅಂದರೆ ಯಂತ್ರದೊಳಗೆ ಎಲ್ಲರಿಗಿಂತ ಮೊದಲು ಎದ್ದು, ಉಳಿದವರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಆಳು. ಆ ಆಳೇ ಇವತ್ತು ನಾಪತ್ತೆ.

ರಾಯಚೂರಿನ ಕಾಲುವೆ ಕಚೇರಿಗೆ ಯಂತ್ರ ಬಂದು ಆರು ತಿಂಗಳಾಗಿತ್ತು. ಮಾನ್ವಿ ಕಡೆಯ ಹೊಲಗಳಿಗೆ ಯಾವ ದಿನ ಯಾರಿಗೆ ನೀರು ಎಂಬ ಪಾಳಿಪಟ್ಟಿ ಅದರ ಹೊಟ್ಟೆಯಲ್ಲಿತ್ತು. ಪಟ್ಟಿ ಹೊತ್ತು ಜೀಪು ಹನ್ನೆರಡಕ್ಕೆ ಹೊರಡಬೇಕು. ಇಂಜಿನಿಯರ್ ರಾಮಲಿಂಗಪ್ಪನವರಿಗೆ ಮೊದಲಿಂದಲೂ ಇದರ ಮೇಲೆ ನಂಬಿಕೆಯಿಲ್ಲ. ಇವತ್ತು ಪಟ್ಟಿ ಬರದಿದ್ದರೆ ಗೋಣಿಚೀಲದಲ್ಲಿ ಸುತ್ತಿ ಹೈದರಾಬಾದಿಗೆ ವಾಪಸು ಕಳಿಸುವುದಾಗಿ ಬಾಗಿಲಲ್ಲೇ ನಿಂತು ಹೇಳಿ ಹೋದರು. ಚೀಲವನ್ನು ತರಿಸಿಯೂ ಇಟ್ಟಿದ್ದರು. ಯಂತ್ರ ಹೋದರೆ ಅದನ್ನು ನಡೆಸುವ ಮಾನಮ್ಮನ ಹಂಗಾಮಿ ನೌಕರಿಯೂ ಅದರ ಹಿಂದೆಯೇ. ಯಾಪಲದಿನ್ನಿಯ ಕೂಲಿಯವರ ಓಣಿಯಿಂದ ನೌಕರಿಗೆ ಬಂದ ಮೊದಲ ಹೆಣ್ಣುಮಗಳು ಅವಳು. ಕಚೇರಿಯ ಚಹಾ ಸಾಹೇಬರಿಂದ ಶುರುವಾಗಿ ಅವಳ ಮೇಜಿಗೆ ಬರುವಷ್ಟರಲ್ಲಿ ಆರಿ ಕೆನೆಗಟ್ಟಿರುತ್ತಿತ್ತು.

ಮಾನಮ್ಮ ಹೂವಿನ ಹಾರ ತೆಗೆದಳು. ಫ್ಲಾಪಿಯ ಸಂದಿಯಲ್ಲಿ ಕುಂಕುಮ ಹೊಕ್ಕಿದ್ದೀತೆಂದು ಊದಿದಳು. ವೈರುಗಳನ್ನು ಬಿಚ್ಚಿ ಸಿಕ್ಕಿಸಿದಳು, ಯಾರೋ ಕಟ್ಟಿದ್ದ ನಿಂಬೆಹಣ್ಣನ್ನೂ ಬಿಡಿಸಿಟ್ಟಳು. ಪ್ರತಿ ಸಲ ಗೋಡೆಯಾಚೆ ಪಡಸಾಲೆಯಲ್ಲಿ ಸ್ವಿಚ್ಚುಗಳ ಹತ್ತಿರ ನಿಂತ ಮುದಿ ಜವಾನ ಮುದುಕಪ್ಪನಿಗೆ ಎಲ್ಲಾ ಆರಿಸಿ ಮತ್ತೆ ಹಚ್ಚು ಎಂದು ಕೂಗಿದಳು. ಪ್ರತಿ ಸಲ ಅವೇ ಹಸಿರು ಅಕ್ಷರ. ಹೊಸದಾಗಿ ಏನಾದರೂ ಮಾಡಿದೆಯಾ ಎಂದದ್ದಕ್ಕೆ ಮುದುಕಪ್ಪ ಗೂಗಲ್ ಊರಿನ ಗುಡಿಯ ಅಲ್ಲಮಪ್ರಭುವಿನ ಆಣೆ ಇಟ್ಟು ಇಲ್ಲವೆಂದ. ಆಣೆ ಸುಳ್ಳಿರಲಿಕ್ಕಿಲ್ಲ, ಆದರೆ ಬಾಯಿ ಮರೆತದ್ದನ್ನು ಕೈ ಮರೆಯುವುದಿಲ್ಲ. ಮಾನಮ್ಮ ಎದ್ದು ಪಡಸಾಲೆಗೆ ಬಂದಳು.

"ಯಪ್ಪಾ, ಈ ಸಲ ನಾ ಪರದೆ ನೋಡಂಗಿಲ್ಲ. ನಿನ್ ಕೈ ನೋಡ್ತೀನಿ. ಹಚ್ಚು."

ಮುದುಕಪ್ಪ ಕೈಮುಗಿದು ದೊಡ್ಡ ಯಂತ್ರದ ಸ್ವಿಚ್ಚು ಒತ್ತಿದ. ಆಮೇಲೆ ಯಂತ್ರದ ಪಕ್ಕ ವೈರಿನಿಂದ ಜೋಡಿಸಿದ್ದ ಸಣ್ಣ ಪೆಟ್ಟಿಗೆಯದು. ಪಾಳಿಪಟ್ಟಿ, ಇನಿಟ್, ಎಲ್ಲ ಇರುವುದು ಆ ಪೆಟ್ಟಿಗೆಯೊಳಗೆ ತಿರುಗುವ ತಟ್ಟೆಯ ಮೇಲೆ. ಅದು ತಿರುಗಿ ಹದಕ್ಕೆ ಬರಲು ಎರಡು ನಿಮಿಷವಾದರೂ ಬೇಕು; ಅಷ್ಟರೊಳಗೆ ದೊಡ್ಡದು ಇನಿಟ್‌ನನ್ನು ಹುಡುಕಿ ಸೋತಿರುತ್ತದೆ.

"ನಿಂದ್ರು. ದಿನಾ ಹಿಂಗ ಹಚ್ತಿದ್ದೇನು?"

"ಇಲ್ಲ ಯವ್ವಾ. ಮೊದಲ ಸಣ್ಣದು ಹಚ್ಚಿ, ಒಂದ್ ಬೀಡಿ ಸೇದಿ, ಆಮ್ಯಾಲ ದೊಡ್ಡದು. ಮೊನ್ನಿ ಪೂಜಾದಾಗ ಸಾಹೇಬ್ರು ಬೈದ್ರಲ್ಲ, ದೊಡ್ಡದನ್ನ ಬಿಟ್ಟು ಸಣ್ಣದಕ್ಯಾಕ ಮೊದಲ ಆರತಿ ಅಂತ. ಆರತಿಗೆ ಹಂಗಾದ್ರ ಕರೆಂಟಿಗೂ ಹಂಗ ಅಲ್ಲೇನು?"

ಮಾನಮ್ಮನಿಗೆ ನಗು ತಡೆಯಲಾಗಲಿಲ್ಲ. ಎರಡನ್ನೂ ಆರಿಸಿ, ಸಣ್ಣದನ್ನು ಹಚ್ಚಿ, ಬೀಡಿ ಸೇದಿ ಬಾ ಎಂದಳು. ಮುದುಕಪ್ಪ ಅಷ್ಟು ಶ್ರದ್ಧೆಯಿಂದ ಎಂದೂ ಸೇದಿರಲಿಲ್ಲ. ಪೆಟ್ಟಿಗೆಯ ಗುಂಯ್‌ಗುಡುವ ಸದ್ದು ಒಂದು ಸಮಕ್ಕೆ ಬಂದ ಮೇಲೆ ದೊಡ್ಡದನ್ನು ಒತ್ತಿದ. ಹಸಿರು ಅಕ್ಷರಗಳು ಬಂದವು. ಈ ಸಲ ನಿಲ್ಲಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗಲೇ ಪಟ್ಟಿ ಜೀಪಿನಲ್ಲಿತ್ತು. ಏನಾಗಿತ್ತೆಂದು ಕೇಳಿದ ರಾಮಲಿಂಗಪ್ಪನವರಿಗೆ ಆರತಿಯ ಸಂಗತಿಯನ್ನು ಅವಳು ಹೇಳಲಿಲ್ಲ.

"ಒಲಿ ಹಚ್ಚೋಕಿಂತ ಮೊದಲ ಬೀಗರನ್ನ ಊಟಕ್ಕ ಕೂಡಿಸಿದ್ವಿ ರೀ, ಸರ್."

ಅವರು ಎಲ್ಲ ತಿಳಿದವರಂತೆ ತಲೆಯಾಡಿಸಿ, ಗೋಣಿಚೀಲ ಒಳಗಿಡಲು ಹೇಳಿದರು.

ಮರುದಿನ ಮುಂಜಾನೆ ಚಹಾ ಹಿಡಿದು ಬಂದ ಮುದುಕಪ್ಪ ಸಾಹೇಬರ ಕೋಣೆ ದಾಟಿ ನೇರ ಮಾನಮ್ಮನ ಮೇಜಿಗೆ ಬಂದು ಮೊದಲ ಗ್ಲಾಸು ಇಟ್ಟ. ಅವಳು ಗಾಬರಿಯಾಗಿ ಆ ಕೋಣೆಯ ಕಡೆ ನೋಡಿದಳು.

"ಕುಡಿಯವ್ವಾ," ಎಂದ ಅವನು. "ದೊಡ್ಡದು ಆಮ್ಯಾಲ."

ಗ್ಲಾಸು ಬೆರಳು ಸುಡುವಷ್ಟು ಬಿಸಿಯಿತ್ತು.